ಕಾಲು ಟ್ಯಾಂಕಿನ ಸುಳ್ಳು

ಇಂದು ಬೆಳಿಗ್ಗೆ ಲಿವರ್‌ಮೋರಿನ ಗ್ಯಾಸ್ ಸ್ಟೇಷನ್ನಿನಲ್ಲಿ ಕಾರಿನ ಟ್ಯಾಂಕು ತುಂಬಿ ಪೈಪು ‘ಟಕ್’ ಎಂದು ನಿಂತಿತು. ಎರಡು ಹನಿ ಪೆಟ್ರೋಲು ಬೆರಳ ಮೇಲೆ ಬಿತ್ತು. ಆ ವಾಸನೆ ಒಂದು ಕಾಲದಲ್ಲಿ ನನಗೆ ಬಹಳ ಇಷ್ಟ. ಈಗ ಕೈ ಒರೆಸಿಕೊಳ್ಳುವವರೆಗೂ ಸಮಾಧಾನವಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ನೀವು ನನ್ನನ್ನು ಬೈದರೂ ಸರಿಯೇ.

ನಾನು ಸ್ಕೂಟರಿನ ಮನೆಯವನು. ಮೈಸೂರಿನಲ್ಲಿ ನಮ್ಮಪ್ಪ ಒಂದು ದಿನವೂ ಟ್ಯಾಂಕು ತುಂಬಿಸಿದವರಲ್ಲ. ರಿಸರ್ವಿಗೆ ಬಂದ ಮೇಲೂ ಓಡಿಸುವುದು, ನಡುರಸ್ತೆಯಲ್ಲಿ ನಿಂತರೆ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಮೂಲೆಯಲ್ಲಿದ್ದ ಕೊನೆಯ ಹನಿಗಳನ್ನು ಎಂಜಿನ್ನಿಗೆ ಕುಡಿಸಿ ಮನೆ ಸೇರುವುದು. ಆ ವಿದ್ಯೆ ನನಗೂ ಅಂಟಿತು. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ ಟ್ಯಾಂಕು ತುಂಬಿಸುವುದೆಂದರೆ ನನಗೆ ಏನೋ ದುಂದು ಮಾಡಿದ ಹಾಗೆ.

ಖಲೀಲ್ ಭಾಯಿಯೂ ಮೈಸೂರಿನವರೇ. ಸಾಂಟಾ ಕ್ಲಾರಾದಲ್ಲಿ ನಾವಿಬ್ಬರೂ ಒಂದೇ ಆಫೀಸಿನಲ್ಲಿದ್ದೆವು. ಅವರ ತಂದೆ ಮೆಕ್ಯಾನಿಕ್ಕು, ಮಗನಿಗೆ ಆ ಕೈ ಬಂದಿತ್ತು. ಹಳೆಯ ಜಪಾನಿ ಕಾರೊಂದನ್ನು ತಂದು ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ವೇಗ ಕೊಡುವ ಟರ್ಬೊ ಅದಕ್ಕೆ ಕೂಡಿಸಿದರು. ಅವರದು ಅಪಾರ್ಟ್‌ಮೆಂಟು, ಹಾಗಾಗಿ ಕಾರು ನಮ್ಮ ಮನೆಯ ಗರಾಜಿನಲ್ಲಿ. ಬೆವರು ಸುರಿಸುವುದು ಅವರು, ಲ್ಯಾಪ್‌ಟಾಪು ಹಿಡಿದು ಟ್ಯೂನಿಂಗು ಮಾಡುವ ದೊಡ್ಡಸ್ತಿಕೆ ನನ್ನದು.

ಅಷ್ಟರಲ್ಲಿ ಅವರ ಬೆರಳುಗಳು ಸೋಲತೊಡಗಿದವು. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಮೊದಲು ಕೈ, ಆಮೇಲೆ ಕಾಲು, ಮಾತು.

“ಕೈ ಹೋಗೋದ್ರೊಳಗೆ ಒಂದೇ ಒಂದ್ಸಲ ಇದನ್ನ ನಾನೇ ಓಡಿಸ್ಬೇಕು ಸ್ವಾಮಿ,” ಅಂದರು. “ಆದ್ರೆ ಪೂರ್ತಿ ಸರಿಯಾದ್ಮೇಲೇನೇ ನಾನು ಸ್ಟಿಯರಿಂಗ್ ಹಿಂದೆ ಕೂರೋದು.” ಹಟಮಾರಿ ಮನುಷ್ಯ.

ಕಾರು ಸರಿಯಾಗಲಿಲ್ಲ. ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ನಾನು ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿ ಕೂತು ಕಿವಿಗೊಡುತ್ತಿದ್ದರು. ಮೆಲ್ಲಗೆ ಹೋದರೆ ಹಸು. ಜೋರಾಗಿ ತುಳಿದು ಟರ್ಬೊ ಗಾಳಿ ನೂಕತೊಡಗಿದ ಕೂಡಲೆ ಪೆಟ್ರೋಲಿನ ಒತ್ತಡ ಕುಸಿದು ಎಂಜಿನ್ನು ಕೆಮ್ಮಿ ಮುಗ್ಗರಿಸುತ್ತಿತ್ತು. ಹಾಗೇ ಎಳೆದರೆ ಪಿಸ್ಟನ್ನು ಕರಗಿ ಎಲ್ಲ ಮುಗಿದಂತೆ. ಫಿಲ್ಟರು ಬದಲಾಯಿಸಿದೆವು, ಪಂಪು ಬದಲಾಯಿಸಿದೆವು, ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದೆವು. ನಾನು ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ತಿದ್ದಿದ್ದೇ ತಿದ್ದಿದ್ದು. ಊಹೂಂ.

ಉಳಿದದ್ದು ಪಂಪಿಗೆ ಕರೆಂಟು ಹೋಗುವ ವೈರು. ಅದರ ಬೆಸುಗೆ ಖಲೀಲ್ ಭಾಯಿಯದು. ನಡುಗುವ ಕೈಯಲ್ಲಿ ನಾಲ್ಕು ಸಲ ಬಿಚ್ಚಿ ಬೆಸೆದರು. ನಾಲ್ಕನೆಯ ಸಲ ಬಿಸಿ ಕಡ್ಡಿ ಜಾರಿ ಅಂಗೈ ಸುಟ್ಟಿತು. “ಥೂ, ದರಿದ್ರ ಕೈ!” ಎಂದು ಆ ಕೈಯನ್ನೇ ಬಾನೆಟ್ಟಿಗೆ ಬಡಿದರು.

ಒಮ್ಮೆ ಕೇಳಿದ್ದರು. “ಗೇಜ್ ಬೇರೆ ಕೆಟ್ಟಿದೆ. ಟ್ಯಾಂಕಲ್ಲಿ ಪೆಟ್ರೋಲು ಇದೆ ತಾನೆ ಸ್ವಾಮಿ?”

“ಬೇಕಾದಷ್ಟಿದೆ ಭಾಯಿ,” ಅಂದೆ. ಪ್ರತಿ ಶನಿವಾರ ಒಂದು ಸಣ್ಣ ಕ್ಯಾನು ಸುರಿಯುತ್ತಿದ್ದೆನಲ್ಲ! ಕಾಲು ಟ್ಯಾಂಕೂ ಇಲ್ಲವೆಂದು ನನಗೆ ಗೊತ್ತಿತ್ತು.

ಮೂರು ತಿಂಗಳು ಕಳೆಯಿತು. ಒಂದು ಶನಿವಾರ ಅವರಿಗೆ ಸ್ಪ್ಯಾನರು ಹಿಡಿಯಲಾಗಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದು ನೋಡಿದರು, ಬೆರಳು ಮಡಚಲಾಗಲಿಲ್ಲ. “ಸಾಕು ಸ್ವಾಮಿ,” ಎಂದು ಇಳಿದು ಹೋದರು.

ಮರುವಾರ, ಕಾರನ್ನು ಮಾರುವುದೇ ಆದರೆ ಟ್ಯಾಂಕಾದರೂ ತುಂಬಿರಲಿ ಎಂದು, ಹುಟ್ಟಿದಾರಭ್ಯ ಮಾಡದ ಕೆಲಸ ಮಾಡಿದೆ. ಅದೇ ರಸ್ತೆಯಲ್ಲಿ ತುಳಿದೆ. ಕಾರು ಒಂದು ಸಲವೂ ಮುಗ್ಗರಿಸದೆ ಹಾರಿತು. ರಸ್ತೆ ಬದಿಗೆ ನಿಲ್ಲಿಸಿ ಅತ್ತೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಜೋರಾಗಿ ತುಳಿದಾಗ ಇದ್ದಷ್ಟು ಪೆಟ್ರೋಲೆಲ್ಲ ಟ್ಯಾಂಕಿನ ಹಿಂದಕ್ಕೆ ಸರಿದು, ಮುಂದಿದ್ದ ಪಂಪು ಬರೀ ಗಾಳಿ ಹೀರುತ್ತಿತ್ತು. ಸ್ಕೂಟರು ವಾಲಿಸಿ ಬೆಳೆದವನಿಗೆ ಇಷ್ಟು ಹೊಳೆಯಲಿಲ್ಲವೆ?

ಆ ಸಂಜೆ ಖಲೀಲ್ ಭಾಯಿಗೆ ಫೋನು ಮಾಡಿ, “ಆ ವೈರು ಹೊಸದು ಹಾಕಿದೆ, ಸರಿಹೋಯ್ತು,” ಅಂದೆ. ನಾಚಿಕೆ ನನ್ನ ಬಾಯಿಂದ ಅದನ್ನು ಆಡಿಸಿತು.

“ಹೇಳ್ಲಿಲ್ವಾ ನಾನು? ನನ್ ಕೈದೇ ತಪ್ಪು,” ಅಂದರು.

ಇದು ಹೋದ ವರ್ಷದ ಮಾತು. ಕಾರು ಮಾರಲಿಲ್ಲ. ಇಂದು ಟ್ಯಾಂಕು ತುಂಬಿಸಿಕೊಂಡು ನೇರ ಅವರ ಮನೆಗೆ ಹೋದೆ. ಅವರ ಹೆಂಡತಿ ಶಾಹಿದಾ ಭಾಭಿ ಮತ್ತು ನಾನು ಸೇರಿ ಅವರನ್ನು ಗಾಲಿಕುರ್ಚಿಯಿಂದ ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದೆವು. ಬೆಲ್ಟು ಹಾಕುತ್ತ ಭಾಭಿ, “ನಿಧಾನಕ್ಕೆ ಹೋಗಿ ಅಣ್ಣ,” ಅಂದರು.

ತೋಟದ ರಸ್ತೆಯಲ್ಲಿ ಜೋರಾಗಿ ತುಳಿದೆ. ಟರ್ಬೊ ಕೂಗಿತು. ಅವರ ಮುಖದಲ್ಲಿ ನಗು ಬಂದದ್ದು ಕಂಡಿತು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಇರಲಾಗಲಿಲ್ಲ. ಕಾರು ನಿಲ್ಲಿಸಿ, ವೈರಿನದ್ದು ತಪ್ಪಲ್ಲ, ಪೆಟ್ರೋಲೇ ಸಾಲದಾಗಿತ್ತು, ಬೇಕಾದಷ್ಟಿದೆ ಎಂದು ನಾನು ಹೇಳಿದ್ದು ಸುಳ್ಳು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಅವರಿಗೀಗ ಒಂದೊಂದು ಮಾತೂ ಕಷ್ಟ. ತೊಡೆಯ ಮೇಲೆ ಬಿದ್ದಿದ್ದ ತಮ್ಮ ಕೈಗಳನ್ನು ನೋಡುತ್ತ, “ಇವನ್ನ... ಎಷ್ಟು... ಬೈದೆ... ಸ್ವಾಮಿ,” ಅಂದರು.

ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಮನೆ ಬರುವವರೆಗೂ ನನ್ನ ಕಡೆ ನೋಡಲಿಲ್ಲ.