ಭಾವ ಹೇಳಲು ಹೊರಟಿದ್ದ ಮಾತು

ಶಾಮನೂರಿನಲ್ಲಿ ಯಾರಾದರೂ ಹಾಸಿಗೆ ಹಿಡಿದು ಇನ್ನು ಏಳುವುದಿಲ್ಲ ಎಂದಾದರೆ, ಈಗ ಮನೆಯವರು ನಮ್ಮಕ್ಕ ಪುಷ್ಪಲತಾಳನ್ನು ಕರೆಸುತ್ತಾರೆ. ಅವಳೇನು ನರ್ಸಲ್ಲ, ಮಂತ್ರ ಹಾಕುವವಳೂ ಅಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಂಚದ ಪಕ್ಕ ಕೂತು, ಮಲಗಿದವರು ಸಾವಿನ ಮಾತೆತ್ತಿದರೆ ಬಾಯಿ ಮುಚ್ಚಿಸದೆ ಕೇಳಿಸಿಕೊಳ್ಳುತ್ತಾಳೆ, ಅಷ್ಟೆ. ಮೊದಮೊದಲು "ಬಂತು ನೋಡು ಅಪಶಕುನ" ಎಂದು ಬಾಗಿಲು ಹಾಕಿಕೊಂಡವರೇ ಇವತ್ತು ಆಟೋ ಕಳಿಸುತ್ತಾರೆ. ಯಾರು ಯಾರು ಹಾಗಂದರು ಎಂದು ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಬೇಡವೆಂದಿದ್ದಾಳೆ ಅಂತ ಹೆಸರು ಹೇಳದೆ ಸುಮ್ಮನಿದ್ದೇನೆ.

ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು, ಸುನೀತಾ. ದಾವಣಗೆರೆ ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ನನ್ನ ಬಾಯಿ ಜೋರು ಎಂದು ಗಿರಾಕಿಗಳೆಲ್ಲ ಹೇಳುತ್ತಾರೆ, ಇರಲಿ. ನಾವಿಬ್ಬರೂ ಹುಟ್ಟಿದ್ದು ಆನಗೋಡಿನಲ್ಲಿ. ಚಿಕ್ಕಂದಿನಿಂದಲೂ ಅಕ್ಕನಿಗೆ ಸಾವೆಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ಓಣಿಯಲ್ಲಿ ಹೆಣ ಹೊರಟರೆ ಅಡುಗೆಮನೆ ಸೇರಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಯಾರಾದರೂ "ಬಿಸಿಲಿಗೆ ಸತ್ತೇ ಹೋದೆ" ಎಂದರೂ ಸಾಕು, "ಬಿಡ್ತು ಅನ್ನು, ಬಿಡ್ತು ಅನ್ನು!" ಎಂದು ಮೈಮೇಲೆ ಬೀಳುತ್ತಿದ್ದಳು. ಅವರು ಎರಡು ಸಲ "ಬಿಡ್ತು" ಅನ್ನುವವರೆಗೆ ಜಾಗ ಬಿಡುತ್ತಿರಲಿಲ್ಲ. ಒಮ್ಮೆ ಸೌತೆಕಾಯಿ ಮಾರುವವನ ಕೈಲೂ ಅನ್ನಿಸಿದ್ದಳು. ಪಾಪ, ಅವನು ಗಾಬರಿಯಾಗಿ ಎರಡು ಕಾಯಿ ಹೆಚ್ಚಿಗೆ ಹಾಕಿ ಹೋದ.

ಅಕ್ಕನ ಗಂಡ, ಶಾಮನೂರಿನ ಭಾವ ಚೌಡೇಶ್, ದಾವಣಗೆರೆ–ಹರಿಹರ ಓಡಾಡುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಹರಿಹರದ ಬಡೇಸಾಬ್ ಅದೇ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷ ಇಬ್ಬರೂ ಒಟ್ಟಿಗೆ ಅದೇ ರಸ್ತೆ ಸವೆಸಿದರು. ಬೆಳಗಿನಿಂದ ಕೂಗಿ ಕೂಗಿ ಜನ ಹತ್ತಿಸಿಕೊಂಡು ಬಂದ ಭಾವ, ಮನೆಯಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ಮಕ್ಕಳಾಗಲಿಲ್ಲ. ಆದರೂ ಅವರ ಸಂಸಾರ ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಅವನು ಬರುವ ಹೊತ್ತಿಗೆ ಇವಳು ರೊಟ್ಟಿ ಬಡಿಯಲು ಕೂರುತ್ತಿದ್ದಳು, ಅವನು ಮಾತಿಲ್ಲದೆ ಅವಳ ಎದುರು ಕೂತು ಬಿಸಿ ಬಿಸಿ ತಿನ್ನುತ್ತಿದ್ದ.

ಹೋದ ವರ್ಷಕ್ಕಿಂತ ಹಿಂದಿನ ವರ್ಷ, ದೀಪಾವಳಿ ಕಳೆದ ಮೇಲೆ ಭಾವನಿಗೆ ಊಟ ಸೇರದಾಯಿತು. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, ಹೊಟ್ಟೆಯ ಗಡ್ಡೆ ಲಿವರಿಗೆ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ನಾವು ಭಾವನಿಗೆ "ಅಲ್ಸರ್ ಅಂತೆ" ಎಂದೆವು. ಸಾವಿರಾರು ಜನರ ಮುಖ ನೋಡಿ ಟಿಕೆಟ್ ಹರಿದವನಿಗೆ ನಮ್ಮ ಮುಖ ಓದಲು ಬರುವುದಿಲ್ಲವೇ? ಅವನಿಗೆ ಅವತ್ತೇ ಗೊತ್ತಾಗಿತ್ತು.

ಆಮೇಲೆ ಶುರುವಾಯಿತು. ಅಕ್ಕ ಗಂಜಿ ಕುಡಿಸುವಾಗ ಅವನು, "ಪುಷ್ಪಾ, ನಾ ಇಲ್ಲದ ಕಾಲಕ್ಕ..." ಎನ್ನುವುದು. ಇವಳು ಚಮಚ ಕೆಳಗಿಟ್ಟು, "ಬಿಡ್ತು ಅನ್ರಿ!" ಎನ್ನುವುದು. ಅವನು ಅವಳ ಮುಖ ನೋಡಿ "ಬಿಡ್ತು" ಎನ್ನುವುದು. ಹೀಗೆ ಮೂರು ನಾಲ್ಕು ಸಲ ಆಯಿತು.

ಅಮಾವಾಸ್ಯೆಗೆ ಹರಕೆ ಹೊತ್ತು ಉಕ್ಕಡಗಾತ್ರಿಗೆ ಕರೆದುಕೊಂಡು ಹೋದೆವು. ಅಲ್ಲಿನ ದೇವರು ಅಜ್ಜಯ್ಯನ ದರ್ಶನ ಮುಗಿಸಿ ಹೊಳೆಯ ದಂಡೆಯಲ್ಲಿ ಕೂತಿದ್ದಾಗ ಭಾವ ಅಕ್ಕನ ಕೈ ಹಿಡಿದುಕೊಂಡ. ನನ್ನೆದುರಿಗೆ ಅವನು ಯಾವತ್ತೂ ಅವಳ ಕೈ ಹಿಡಿದವನಲ್ಲ. "ಪುಷ್ಪಾ, ಇವತ್ತಾದ್ರೂ ಕೇಳು. ನಾ ಹೋಗೋದ್ರಾಗ ನಿನಗ ಒಂದೇ ಒಂದು ಮಾತು ಹೇಳಬೇಕು" ಎಂದ.

"ದೇವರ ಸನ್ನಿಧಾನದಾಗ ಎಂಥಾ ಮಾತಾಡ್ತೀರಿ! ಬಿಡ್ತು ಅನ್ರಿ ಮೊದ್ಲು" ಎಂದು ಅಕ್ಕ ಅಳತೊಡಗಿದಳು.

ಸುಮ್ಮನಿರಬಾರದಿತ್ತೇ ನಾನು? "ಅನ್ರೀ ಭಾವ, ಅಕ್ಕ ಅಳಾಕ ಹತ್ಯಾಳ" ಎಂದು ಬಾಯಿ ಹಾಕಿದೆ.

ಭಾವ ನಮ್ಮಿಬ್ಬರನ್ನೂ ನೋಡಿದ. ಸಣ್ಣಗೆ ನಕ್ಕು "ಬಿಡ್ತು" ಎಂದ. ಮತ್ತೆ ಆ ಮಾತು ಎತ್ತಲಿಲ್ಲ. ಹನ್ನೊಂದನೇ ದಿನಕ್ಕೆ ತೀರಿಕೊಂಡ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮಣ್ಣು ಮಾಡುವ ಹೊತ್ತಿಗೆ ಜಗಳ. ಭಾವನ ಅಣ್ಣತಮ್ಮಂದಿರು ತಮ್ಮ ಹೊಲದಲ್ಲಿ ಎಂದರು, ಓಣಿಯವರು ಊರ ರುದ್ರಭೂಮಿಯಲ್ಲಿ ಎಂದರು. ಹಿರಿಯರೊಬ್ಬರು ಅಕ್ಕನ ಹತ್ತಿರ ಬಂದು, "ಅವಂಗೆ ಎಲ್ಲಿ ಬೇಕಾಗಿತ್ತು ಅಂತ ನಿನಗೇನಾದ್ರೂ ಹೇಳಿದ್ನೇನವ್ವ?" ಎಂದು ಕೇಳಿದರು. ಇಪ್ಪತ್ತೇಳು ವರ್ಷ ಬಾಳಿದವಳಿಗೆ ಗೊತ್ತಿರಲಿಲ್ಲ. ತಲೆ ಅಲ್ಲಾಡಿಸಿದಳು. ಕೊನೆಗೆ ಹೊಲವೇ ಆಯಿತು.

ಅವತ್ತಿನಿಂದ ಅಕ್ಕನಿಗೆ ಅದೊಂದೇ ಚಿಂತೆ. ಭಾವ ಹೇಳಲು ಹೊರಟಿದ್ದ ಆ ಒಂದು ಮಾತು ಯಾವುದು? ಶಾಲೆಯ ಸಾಂಬಾರಿಗೆ ಸೌಟು ಹಾಕಿದವಳು ಹಾಗೇ ನಿಂತುಬಿಡುತ್ತಿದ್ದಳಂತೆ. ಭಾನುವಾರ ನಮ್ಮ ಮನೆಗೆ ಬಂದರೂ ಅದೇ. "ಮಣ್ಣಿನ ವಿಷಯ ಇರಬಹುದಾ ಸುನೀ? ನಾನು ಒಬ್ಬಳೇ ಇರಬಾರದು ಅನ್ನಾಕ ಇರಬಹುದಾ? ಅಥವಾ ನನ್ನ ಮ್ಯಾಲೆ ಏನಾದ್ರೂ ಸಿಟ್ಟಿತ್ತಾ?"

"ಹೋದವರು ಹೋದ್ರು, ಈಗ ತಿಳ್ಕೊಂಡು ಏನು ಮಾಡ್ತೀ?" ಎಂದು ರೇಗಿದೆ.

"ಬೈಯಾಕ ಹೊರಟಿದ್ರೂ ಸೈ, ಅವ್ರು ನನಗಂತ ಇಟ್ಟುಕೊಂಡಿದ್ದ ಮಾತು ಅದು. ನನಗ ಬೇಕು" ಎಂದಳು.

ನನಗೂ ಅದು ಬೇಕಾಗಿತ್ತು ಎನ್ನುವುದು ಸತ್ಯ.

ವರ್ಷ ಕಳೆದ ಮೇಲೆ ಒಂದು ದಿನ ಅಂಗಡಿಗೇ ಬಂದಳು. "ನಾ ಕೇಳಲಿಲ್ಲ ಅಂದಮ್ಯಾಲೆ ಬಡೇಸಾಬಣ್ಣಗ ಹೇಳಿರ್ತಾರೆ. ಅವರಿಗೆ ಹೇಳದ್ದು ಏನೂ ಇಲ್ಲ. ನಡಿ ಹರಿಹರಕ್ಕೆ" ಎಂದಳು. ಅಷ್ಟು ದಿನದಲ್ಲಿ ಅವಳ ಮುಖದಲ್ಲಿ ಅಂಥ ಆಸೆ ನಾನು ಕಂಡಿರಲಿಲ್ಲ. ಅರ್ಧ ಕತ್ತರಿಸಿದ ಬಟ್ಟೆ ಅಲ್ಲೇ ಬಿಟ್ಟು ಶಟರ್ ಎಳೆದೆ.

ದಾರಿಯುದ್ದಕ್ಕೂ ಅವಳು ಕಂಡಕ್ಟರನ ಸೀಟನ್ನೇ ನೋಡುತ್ತಿದ್ದಳು. ಬಡೇಸಾಬ್ ಮನೆ ಹೊಳೆಯ ಹತ್ತಿರದ ಸಂದಿಯಲ್ಲಿ. ಅವರು ಡ್ರೈವರ್ ಕೆಲಸ ಬಿಟ್ಟಿದ್ದರು. ಹೆಂಡತಿ ಹಜೀರಾಬೀ ಎರಡೂ ಕಿಡ್ನಿ ಕೈಕೊಟ್ಟು, ಒಳಮನೆಯಲ್ಲಿ ಪರದೆಯ ಹಿಂದೆ ಮಲಗಿದ್ದರು.

"ಬರ್ರಿ ತಂಗೀ, ಕೂಡ್ರಿ" ಎಂದು ಬಡೇಸಾಬ್ ಕುರ್ಚಿ ಒರೆಸಿದರು. ಅಕ್ಕ ಕೂರಲಿಲ್ಲ.

"ಬಡೇಸಾಬಣ್ಣ, ಅವ್ರು ಸಾಯೋಕಿಂತ ಮುಂಚೆ ನಿಮಗೇನಾದ್ರೂ ಹೇಳಿದ್ರಾ? ಏನಿದ್ರೂ ಹೇಳಿಬಿಡ್ರಿ, ನಾ ತಡ್ಕೊಂತೀನಿ."

ಬಡೇಸಾಬ್ ಬಹಳ ಹೊತ್ತು ಟೋಪಿ ತೆಗೆದು ಹಾಕಿ ಮಾಡಿದರು. "ಹೇಳಾಕಂತ ಬಂದಿದ್ದ ತಂಗೀ. ಉಕ್ಕಡಗಾತ್ರಿಯಿಂದ ಬಂದ ಮಾರನೇ ದಿನ, ನೀವು ಶಾಲೆಗೆ ಹೋದಾಗ ಆಟೋ ಮಾಡ್ಕೊಂಡು ದಾವಣಗೆರೆ ಬಸ್ ಸ್ಟ್ಯಾಂಡಿಗೆ ಬಂದ. ‘ಬಡೇ, ನಾ ಉಳಿಯೋದಿಲ್ಲ. ಮನೆಯಾಗ ಯಾರೂ ಕೇಳವಲ್ರು, ನೀನಾದ್ರೂ ಕೇಳು’ ಅಂದ. ನಾನು... ನಾನು ‘ತೌಬಾ ತೌಬಾ, ಹಂಗೆಲ್ಲ ಮಾತಾಡ್ತಾರೇನೋ, ಮುಂದಿನ ತಿಂಗಳು ಡ್ಯೂಟಿಗೆ ಬರ್ತೀ ಬಿಡು’ ಅಂತ ಚಹಾ ಕುಡಿಸಿದೆ. ಟೈಮ್ ಆಗಿತ್ತು, ಬಸ್ ತಗೊಂಡು ಹೋಗಿಬಿಟ್ಟೆ. ಕನ್ನಡಿಯಾಗ ನೋಡ್ದೆ, ಅಲ್ಲೇ ನಿಂತಿದ್ದ. ನಿಮ್ಮ ಮನೆಗೆ ಬರಾಕ ಮುಖ ಇರಲಿಲ್ಲ ನನಗ."

ಅಕ್ಕ ಕುಸಿದು ಕುರ್ಚಿಯಲ್ಲಿ ಕೂತಳು. "ಹಂಗಾರ ಯಾರೂ ಕೇಳಲಿಲ್ಲ" ಎಂದಳು. ಅಳು ಕೂಡ ಬರಲಿಲ್ಲ ಅವಳಿಗೆ.

ಆಗ ಪರದೆಯ ಹಿಂದಿನಿಂದ ಹಜೀರಾಬೀ ದನಿ ಬಂತು. "ಆ ಅಕ್ಕಾರನ್ನ ಒಳಗ ಕಳಿಸ್ರಿ. ನನಗ ಮಾತಾಡೋದೈತೆ."

"ನೀ ಸುಮ್ನೆ ಮಲಕ್ಕೊ, ನಿನಗೇನೂ ಆಗಲ್ಲ" ಎಂದರು ಬಡೇಸಾಬ್.

"ನೋಡಿದ್ರಾ? ಇದೇ ಮಾತು, ದಿನಾ" ಎಂದರು ಹಜೀರಾಬೀ.

ಅಕ್ಕ ಎದ್ದಳು. ಸಾವಿನ ಮನೆಯತ್ತ ತಲೆ ಹಾಕದ ನಮ್ಮಕ್ಕ ಪರದೆ ಸರಿಸಿ ಒಳಗೆ ಹೋಗಿ ಮಂಚದ ಮೇಲೆ ಕೂತಳು. "ಹೆದರಿಕೆ ಆಗ್ತೈತೇನ್ರಿ?" ಎಂದು ಕೇಳಿದಳು. ಅವಳ ಬಾಯಲ್ಲಿ ಅಂಥ ಪ್ರಶ್ನೆ ನಾನು ಕೇಳಿದ್ದು ಅವತ್ತೇ ಮೊದಲು.

"ಸಂಜಿ ಹೊತ್ತು ಆಗ್ತೈತೆ. ಹಗಲೆಲ್ಲ ಇಲ್ಲ" ಎಂದರು ಹಜೀರಾಬೀ. ಆಮೇಲೆ ತಡೆಯೇ ಇಲ್ಲದೆ ಹೇಳಿದರು. ತನ್ನನ್ನು ತಾಯಿಯ ಗೋರಿಯ ಪಕ್ಕ ಮಲಗಿಸಬೇಕಂತೆ. ಕೊನೆಯ ಸ್ನಾನದ ನೀರು ಬೆಚ್ಚಗಿರಬೇಕಂತೆ, ತಣ್ಣೀರೆಂದರೆ ಮೊದಲಿನಿಂದಲೂ ಆಗುವುದಿಲ್ಲವಂತೆ. ಗಂಡನಿಗೆ ಒಂದು ಲೋಟ ಚಹಾ ಮಾಡಿಕೊಳ್ಳಲೂ ಬರುವುದಿಲ್ಲ, ಅದೇ ದೊಡ್ಡ ಚಿಂತೆಯಂತೆ. ಹೇಳುತ್ತಾ ಒಂದು ಸಲ ನಕ್ಕರು ಕೂಡ. ಅಕ್ಕ ಒಂದು ಮಾತಿಗೂ ಅಡ್ಡ ಬರಲಿಲ್ಲ.

ಹೊರಗೆ ಬಂದು ಬಡೇಸಾಬರ ಎದುರು ನಿಂತಳು. "ಅಣ್ಣಾ, ಇವೆಲ್ಲ ನೀವು ಕೇಳಬೇಕಾದ ಮಾತು. ಹೋಗಿ ಕೂಡ್ರಿ."

"ನನ್ನ ಕೈಲಿ ಆಗಲ್ಲ ತಂಗೀ."

"ನನ್ನ ಕೈಲೂ ಆಗಲಿಲ್ಲ. ಈಗ ನನ್ನ ಗತಿ ನೋಡ್ರಿ."

ಬಡೇಸಾಬ್ ಕಣ್ಣೊರೆಸಿಕೊಂಡು ಒಳಗೆ ಹೋದರು. ನಾವು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆವು. ಒಳಗಿನಿಂದ ಅವರ ದನಿ ಕೇಳಿಸಿತು: "ಹೇಳು ಹಜೀರಾ. ಕೇಳ್ತೀನಿ."

ಅಕ್ಕನ ಕಾಲು ಅಲ್ಲೇ ನಿಂತಿತು. ಸಂದಿಯ ಗೋಡೆಗೆ ಒರಗಿ, ಯಾರೂ ಇಲ್ಲದ ಕಡೆ ಮುಖ ಮಾಡಿ, ಮೆತ್ತಗೆ ಅಂದಳು: "ಹೇಳ್ರಿ. ನಾನೂ ಕೇಳ್ತೀನಿ."

ಎಷ್ಟೋ ಹೊತ್ತು ಹಾಗೇ ನಿಂತಿದ್ದಳು, ನಿಜವಾಗಿ ಕಿವಿಗೊಟ್ಟು. ಬಸ್ಸಿಗೆ ಹೊತ್ತಾಯಿತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.