ಹುಬ್ಬಿಲ್ಲದ ಹಿಮ್ಮೇಳ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ತಬಲದ ಚರ್ಮ ಹರಿದುಹೋಗಲಿ. ಆಲೆಟ್ಟಿಯಿಂದ ಸುಬ್ರಹ್ಮಣ್ಯದವರೆಗೆ ನನ್ನ ತಬಲಕ್ಕೆ ತಲೆದೂಗದ ತೆಂಗಿನಮರ ಇರಲಿಲ್ಲ. ನಮ್ಮ ಆರ್ಕೆಸ್ಟ್ರಾದ ಗಾಯಕ ರಾಜಣ್ಣನಿಗೆ ಸ್ವರ ಉಂಟು, ತಾಳ ಇಲ್ಲ. ಪಲ್ಲವಿ ಮುಗಿದರೆ ಚರಣ ಎಲ್ಲಿ ಎತ್ತಬೇಕೆಂದು ತಿಳಿಯದೆ ಹಿಂದೆ ತಿರುಗುತ್ತಿದ್ದ. ನಾನು ಹುಬ್ಬು ಹಾರಿಸಿದ ಮೇಲೆಯೇ ಹಾಡುತ್ತಿದ್ದ. ಮೀಸೆ ಚಿಗುರಿದಂದಿನಿಂದ ತಲೆ ನರೆಯುವವರೆಗೆ ಹೀಗೇ ನಡೆಯಿತು.

ಕಡಬದ ಚರ್ಚಿನ ಹಬ್ಬಕ್ಕೆ ಹೊರಟ ದಿನ ಪುತ್ತೂರಿನಲ್ಲಿ ವ್ಯಾನ್ ಹತ್ತಲು ಹೋದರೆ, ನನ್ನ ಸೀಟಿನಲ್ಲಿ ಒಂದು ಮೆಷಿನ್ ಕೂತಿತ್ತು. ಬಟನ್ ಒತ್ತಿದರೆ ತಾನೇ ತಾಳ ಹಾಕುವಂಥದ್ದು.

"ಬೇಜಾರು ಮಾಡ್ಬೇಡ ಮಾರಾಯ, ಜನಕ್ಕೆ ಈಗ ಹೊಸತು ಬೇಕು," ಅಂದ ರಾಜಣ್ಣ.

"ಇದಕ್ಕೆ ಹುಬ್ಬು ಎಲ್ಲಿ ಉಂಟು?"

"ನಿನಗೆ ಯಾವಾಗ್ಲೂ ತಮಾಷೆಯೇ," ಎಂದು ಬಾಗಿಲು ಹಾಕಿಕೊಂಡ.

ನಾನು ಬಸ್ಸಿನಲ್ಲಿ ಕಡಬಕ್ಕೆ ಹೋಗಿ ಸ್ಟೇಜಿನ ಎದುರು ಜನರ ನಡುವೆ ಕೂತೆ. ಪಲ್ಲವಿ ಮುಗಿಯಿತು. ರಾಜಣ್ಣ ಅಭ್ಯಾಸದಿಂದ ಹಿಂದೆ ತಿರುಗಿದ. ಮೆಷಿನ್ ತನ್ನಷ್ಟಕ್ಕೆ ಬಡಿಯುತ್ತಿತ್ತು. ಆಗ ಅವನ ಕಣ್ಣು ಜನರ ನಡುವೆ ನನ್ನನ್ನು ಹುಡುಕಿತು. ನಾನು ಹುಬ್ಬು ಅಲ್ಲಾಡಿಸಲಿಲ್ಲ. ಅವನು ಕೊನೆಯವರೆಗೂ ತಾಳ ತಪ್ಪಿಯೇ ಹಾಡಿದ. ಜನ ಚಪ್ಪಾಳೆ ತಟ್ಟಿದರು.

ಎಲ್ಲ ಸತ್ಯ. ಅವನ ಕಣ್ಣು ನನ್ನನ್ನು ಹುಡುಕಿತು ಎಂದೆನಲ್ಲ, ಆ ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು.