ಚಿಕ್ಕೋಡಿಯ ಪಡಸಾಲೆಯಲ್ಲಿ ರಬ್ಬರ್ ಕೂಸು

ಮೈಸೂರಿನಿಂದ ಪಾಠ ಹೇಳಲು ಚಿಕ್ಕೋಡಿಗೆ ಬಂದ ಮೊದಲ ವಾರವೇ ಮನೆ ಬಿಡುವ ಪ್ರಸಂಗ ಬಂತು. ಪಡಸಾಲೆಯ ಚಾಪೆಯ ಮೇಲೆ ರಬ್ಬರಿನ ಗೊಂಬೆ ಮಲಗಿಸಿ, ನರ್ಸ್ ತರಬೇತಿಯ ಹುಡುಗಿಯರ ಮುಂದೆ ನಾನು, "ಮಗು ಉಸಿರಾಡ್ತಾ ಇಲ್ಲ! ಏನ್ ಮಾಡ್ತೀರಿ?" ಎಂದು ಕೂಗಿದ್ದೆ. ಹುಡುಗಿಯರು ಕದಲಲಿಲ್ಲ. ಮನೆಯೊಡತಿ ನೀಲವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಓಡಿ ಬಂದರು. ಗೊಂಬೆ ಕಂಡೊಡನೆ ಅವರ ಗಾಬರಿ ಸಿಟ್ಟಾಯಿತು.

"ಏನ್ರಿ ಅಕ್ಕೋರ, ಒಳಗ ಸೊಸಿ ಬಸರ ಅದಾಳ. ಇಂಥಾ ಮಾತು ಈ ಮನ್ಯಾಗ ಆಡಬ್ಯಾಡ್ರಿ. ಆಡೂದ ಇದ್ರ ಬ್ಯಾರೆ ಮನಿ ನೋಡ್ಕೋರಿ."

ಆಗ ತೊಂಬತ್ತರ ದಶಕದ ಆರಂಭ. ತರಬೇತಿ ಕೇಂದ್ರದ ಕಟ್ಟಡ ಮುಗಿದಿರಲಿಲ್ಲ. ನಾನು ಬಾಡಿಗೆಗೆ ಹಿಡಿದ ಪಡಸಾಲೆಯೇ ತರಗತಿ. ಮೈಸೂರಿನಲ್ಲಿ ನಾವು ಹೆರಿಗೆ ಕೋಣೆಗೆ ಕಾಲಿಡುವ ಮುಂಚೆ ಗೊಂಬೆಯ ಮೇಲೆ ಕೈ ಪಳಗಿಸುತ್ತಿದ್ದೆವು. ಒಬ್ಬಳು ತಾಯಿ, ಒಬ್ಬಳು ನರ್ಸ್, ಇನ್ನೊಬ್ಬಳು ಅತ್ತೆ. ತಪ್ಪಿದರೆ ನಕ್ಕು ಮತ್ತೆ ಶುರು. ಅಲ್ಲಿ ಗೊಂಬೆ ಎಂದರೆ ಗೊಂಬೆ. ಇಲ್ಲಿ ಗೊಂಬೆಯ ಮುಂದೆ ಆಡಿದ ಮಾತೂ ಮಾತೇ.

ಪಾಠ ನಿಲ್ಲಿಸುವಂತಿರಲಿಲ್ಲ. ಈ ಹುಡುಗಿಯರು ನಾಳೆ ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಒಬ್ಬೊಬ್ಬರೇ ನಿಲ್ಲಬೇಕಾದವರು. ನೀಲವ್ವನವರನ್ನೇ ಕೇಳಿದೆ, "ಹಾಗಾದ್ರೆ ಏನನ್ನಬೇಕು, ನೀವೇ ಹೇಳಿ."

ಅವರು ಕೈಯ ಹಿಟ್ಟು ಉದುರಿಸಿಕೊಂಡರು. "ಕೂಸು ಸುಮ್ಮನೈತಿ ಅನ್ರಿ. ತಿಳಿಯೋರಿಗೆ ತಿಳೀತೈತಿ."

ಅಂದಿನಿಂದ ನಮ್ಮ ತರಗತಿಯಲ್ಲಿ ಅದೇ ಮಾತಾಯಿತು. ನನ್ನ ಉಳಿದ ಕನ್ನಡವೂ ರಿಪೇರಿಗೆ ಬಂತು. "ನೋವು ಬರ್ತಾ ಇದೆಯಾ?" ಎಂದು ನಾನು ಕಲಿಸಿದರೆ, ನಿಪ್ಪಾಣಿಯ ರೆಹಾನಾ ಮೆಲ್ಲಗೆ ತಿದ್ದುತ್ತಿದ್ದಳು: "ಅಕ್ಕೋರ, ಇಲ್ಲಿ ಬ್ಯಾನಿ ಅಂತಾರ್ರಿ. ಕೊಗನೊಳ್ಳಿ ಕಡೆ ಮರಾಠಿ ಮನಿ ಇದ್ರ ಕಳಾ ಅನ್ಬೇಕ್ರಿ." ಕಳಾ ಎಂದರೂ ಹೆರಿಗೆ ನೋವೇ. ಒಂದೇ ನೋವಿಗೆ ಮೂರು ಹೆಸರು ಕಲಿತೆ.

ರೊಟ್ಟಿ ಮಾತ್ರ ಒಲಿಯಲಿಲ್ಲ. ತಟ್ಟಿದ್ದೆಲ್ಲ ಅಂಚಿನಲ್ಲಿ ಬಿರಿಯುತ್ತಿತ್ತು. ಸಂಜೆ ಹುಡುಗಿಯರು ಹೋದ ಮೇಲೆ ಅನ್ನಕ್ಕೆ ಸಾರು ಕಲಸಿಕೊಂಡು ಒಬ್ಬಳೇ ಉಣ್ಣುವಾಗ, ನಮ್ಮ ಕಡೆಯ ಧಾಟಿಯಲ್ಲಿ ಯಾರಾದರೂ "ಊಟ ಆಯ್ತಾ?" ಎಂದರೆ ಸಾಕು ಅನಿಸುತ್ತಿತ್ತು.

ಕೆಟ್ಟ ಮಾತು ಬರುತ್ತದೋ ಎಂದು ಕಾಯಲು ನೀಲವ್ವ ದಿನಾ ಬಾಗಿಲಲ್ಲಿ ಕೂರುತ್ತಿದ್ದರು. ಒಂದು ದಿನ ಅತ್ತೆಯ ಪಾತ್ರದ ಹುಡುಗಿ ಕೈಕಟ್ಟಿ ನಿಂತಿದ್ದು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಅತ್ತಿ ಹಂಗ ನಿಂದರ್ತಾಳೇನ? ಸರಿ ಅತ್ಲಾಗ!" ಎಂದು ಒಳಬಂದವರೇ ರೆಹಾನಾಳ ಕೈಯಿಂದ ಗೊಂಬೆ ಕಿತ್ತುಕೊಂಡರು. "ಕೊಡಬೇ ಇಲ್ಲಿ ಕೂಸು! ತಣ್ಣೀರು ಹೊಡದ್ರ ಅಳತೈತಿ!"

ರೆಹಾನಾ ತಬ್ಬಿಬ್ಬಾಗಿ ಅಳುವಂತಾದಳು. ನನಗೆ ಮಾತ್ರ ಬೇಕಾದದ್ದು ಸಿಕ್ಕಿತ್ತು. ನಾಳೆಯೂ ಅತ್ತೆಯಾಗುತ್ತೀರಾ ಎಂದು ನೀಲವ್ವನವರನ್ನು ಕೇಳಿದೆ. ಅವರು ಒಪ್ಪಿದರು, ಗದರಿದರು, ಅತ್ತರು, ಬಾಗಿಲಿಗೆ ಅಡ್ಡ ನಿಂತರು. ಹುಡುಗಿಯರು ಅವರನ್ನು ಸಂಭಾಳಿಸುತ್ತಲೇ ಕೂಸನ್ನು ಒರೆಸಿ, ಬಾಯಿ-ಮೂಗಿನ ಲೋಳೆ ತೆಗೆದು, ಬೆನ್ನು ಉಜ್ಜಿ, ಗಾಳಿಚೀಲ ಒತ್ತಿ ಉಸಿರು ಕೊಡುವುದನ್ನು ಕಲಿತರು. ನಾವೆಲ್ಲ ನೀಲವ್ವನವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ್ದೂ ಆಗಲೇ.

ಸೊಸೆ ಶೋಭಾಳಿಗೆ ಬ್ಯಾನಿ ಶುರುವಾದದ್ದು ಒಂದು ಮಧ್ಯಾಹ್ನ. ಎರಡನೆಯ ಹೆರಿಗೆ, ಎಲ್ಲ ಬೇಗ ಬೇಗ. ಆಸ್ಪತ್ರೆಗೆ ಕರೆತಂದಾಗ ಡಾಕ್ಟರು ಇನ್ನೊಂದು ಕೋಣೆಯಲ್ಲಿದ್ದರು. ಶೋಭಾಳ ಬಳಿ ರೆಹಾನಾ ಮತ್ತು ನಾನು, ಜೊತೆಗೆ ನೀಲವ್ವ. ಕೂಸು ಬಂತು, ನೀಲಿಗಟ್ಟಿತ್ತು.

"ಅಕ್ಕೋರ, ಕೂಸು ಸುಮ್ಮನೈತಿ," ಎಂದಳು ರೆಹಾನಾ.

ನಾನು ತಾಯಿಯ ರಕ್ತಸ್ರಾವ ನೋಡಿಕೊಳ್ಳುತ್ತಿದ್ದೆ, ಕೈ ಬಿಡುವಂತಿರಲಿಲ್ಲ. "ನೀನೇ ಮಾಡು," ಎಂದೆ. ಪಡಸಾಲೆಯಲ್ಲಿ ಅಷ್ಟು ಅಬ್ಬರಿಸುತ್ತಿದ್ದ ನೀಲವ್ವ ಗೋಡೆಗೆ ಒರಗಿ ನಿಂತಿದ್ದರು. ಅಭ್ಯಾಸದಂತೆ ಸಂಭಾಳಿಸಲು ಗದರುವ ಅತ್ತೆಯೇ ಇಲ್ಲದೆ ರೆಹಾನಾಳ ಕೈ ಕ್ಷಣ ತಡೆಯಿತು. ಆಮೇಲೆ ಅವಳೇ ಅಂದಳು, "ಕಾಕು, ಬರ್ರಿ. ಒಣ ಅರಿವಿ ಹಿಡದು ನಿಂದರ್ರಿ." ನೀಲವ್ವ ಬಂದು ಬಟ್ಟೆ ಹಿಡಿದರು. ರೆಹಾನಾ ಒರೆಸಿದಳು, ಉಜ್ಜಿದಳು, ಚೀಲ ಒತ್ತಿದಳು, ಮತ್ತೆ ಒತ್ತಿದಳು. ಕೂಸು ಮೊದಲು ಬಿಕ್ಕಿತು, ಆಮೇಲೆ ಅತ್ತಿತು. ನೀಲವ್ವ ಅಲ್ಲೇ ನೆಲಕ್ಕೆ ಕುಸಿದು ಕೂತರು. "ಅಳ್ಳಿ ಬಿಡ್ರಿ," ಎನ್ನುತ್ತ ತಾವೂ ಅತ್ತರು.

ಮುಂದೆ ತರಬೇತಿ ಕೇಂದ್ರಕ್ಕೆ ಸ್ವಂತ ಕಟ್ಟಡವಾಯಿತು. ರೆಹಾನಾ ರಾಯಬಾಗ ಕಡೆಯ ಅಲಖನೂರಿಗೆ ಕೆಲಸಕ್ಕೆ ಹೋದಳು. ನನಗೆ ಮೈಸೂರಿಗೆ ವರ್ಗ ಕೇಳುವ ಅವಕಾಶ ಬಂದಾಗ, ಈ ಹೊಸ ತಂಡದ ಪಾಠ ಮುಗಿಯಲಿ ಎಂದೆ. ಅದು ಮುಗಿದಾಗಲೂ ಹಾಗೇ ಅಂದೆ.

ರಜೆಗೆ ಮೈಸೂರಿಗೆ ಬಂದರೆ ನಮ್ಮಮ್ಮ ಕೇಳುತ್ತಾಳೆ, "ನಿಮ್ಮೂರಲ್ಲಿ ಮಳೆ ಹೇಗೆ?" ವಾಪಸು ಚಿಕ್ಕೋಡಿಯಲ್ಲಿ ಬಸ್ಸಿಳಿದು ಮನೆಗೆ ಬಂದರೆ ನೀಲವ್ವಕಾಕು ಚಹಾ ಇಡುತ್ತ ಕೇಳುತ್ತಾರೆ, "ನಿಮ್ಮೂರಾಗ ಮಳಿ ಹೆಂಗ್ರಿ ಅಕ್ಕೋರ?"

ಇಬ್ಬರಿಗೂ ಉತ್ತರ ಹೇಳುತ್ತೇನೆ. ಇಬ್ಬರನ್ನೂ ತಿದ್ದುವುದಿಲ್ಲ.